ಸಂಶೋಧನೆಯ ಖರ್ಚು ಜನರದ್ದು, ಫಲ ಯಾರದ್ದು?

ನಮ್ಮ ಸರ್ಕಾರಗಳ ಕಾಗದಪತ್ರಗಳಲ್ಲಿ ‘ಸಣ್ಣ ಉದ್ಯಮ’ ಎಂಬ ಶಬ್ದ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಬಂದಿದೆ. 2006ರ ಕಾನೂನಿನ ಪ್ರಕಾರ ಯಂತ್ರೋಪಕರಣಕ್ಕೆ 5 ಕೋಟಿ ರೂಪಾಯಿ ಮೀರದಂತೆ ಬಂಡವಾಳ ಹಾಕಿದ ಕಾರ್ಖಾನೆ ಸಣ್ಣದು. 2020ರಲ್ಲಿ ಆ 5 ಕೋಟಿ 10 ಕೋಟಿಯಾಯಿತು. 2025ರ ಏಪ್ರಿಲ್ 1ರಿಂದ 25 ಕೋಟಿ ಬಂಡವಾಳ ಹೂಡಿ ವರ್ಷಕ್ಕೆ 100 ಕೋಟಿ ವಹಿವಾಟು ನಡೆಸುವವನೂ ಸಣ್ಣವನೇ! ಪೀಣ್ಯದ ಬಾಡಿಗೆ ಶೆಡ್ಡಿನಲ್ಲಿ ಎರಡು ಲೇತು ಇಟ್ಟುಕೊಂಡು, ಬಿಲ್ಲಿನ ಹಣಕ್ಕಾಗಿ ಮೂರು ಮೂರು ತಿಂಗಳು ಅಲೆಯುವ ಮನುಷ್ಯನೂ ಈ 100 ಕೋಟಿಯ ಧಣಿಯೂ ಸರ್ಕಾರದ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂರಬೇಕಂತೆ. ಯಾರ ಎಲೆಗೆ ಏನು ಬೀಳುತ್ತದೆಂಬುದನ್ನು ಊಹಿಸಲು ಲೆಕ್ಕದ ಮೇಷ್ಟರೇನೂ ಬೇಕಾಗಿಲ್ಲ.

ಈ ಪಂಕ್ತಿಯಲ್ಲಿ ಈಗ ಬಡಿಸುತ್ತಿರುವುದು ಬಾಹ್ಯಾಕಾಶ ಮತ್ತು ವಿಮಾನ ತಂತ್ರಜ್ಞಾನದ ಸಂಶೋಧನೆಗಾಗಿ ಇಟ್ಟ ಸಾರ್ವಜನಿಕ ಹಣ. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ತಂತ್ರಜ್ಞಾನ ಅಭಿವೃದ್ಧಿ ನಿಧಿಯಿಂದ ಒಂದು ಯೋಜನೆಯ ಖರ್ಚಿನಲ್ಲಿ ಶೇಕಡ 90ರವರೆಗೆ ಅನುದಾನ ಕೊಡಬಹುದು. ಒಂದು ಯೋಜನೆಗೆ 10 ಕೋಟಿ ಇದ್ದ ಮಿತಿಯನ್ನು 2022ರಲ್ಲಿ 50 ಕೋಟಿಗೆ ಏರಿಸಿದರು. 2018ರಲ್ಲಿ ಐಡೆಕ್ಸ್ ಎಂಬ ಯೋಜನೆ ಬಂತು. 2024ರ ಅಕ್ಟೋಬರಿನಲ್ಲಿ ಬಾಹ್ಯಾಕಾಶದ ಹೊಸ ಕಂಪನಿಗಳಿಗಾಗಿಯೇ 1,000 ಕೋಟಿ ರೂಪಾಯಿಯ ನಿಧಿಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ನಮ್ಮ ರಾಜ್ಯ ಸರ್ಕಾರವೂ ಹಿಂದೆ ಬಿದ್ದಿಲ್ಲ. ಹೊಸ ಕಂಪನಿಗಳಿಗೆ ಎಲಿವೇಟ್ ಎಂಬ ಹೆಸರಿನಲ್ಲಿ 50 ಲಕ್ಷದವರೆಗೆ ಸಹಾಯಧನ ಇಟ್ಟಿದೆ.

ಇದನ್ನೋದಿ, ಸಮಾಜವಾದಿಗಳು ವಿಜ್ಞಾನಕ್ಕೆ ಅಡ್ಡಗಾಲು ಹಾಕಲು ಹೊರಟರು ಎಂದು ಕೂಗುವವರು ಸ್ವಲ್ಪ ತಾಳಬೇಕು. 1975ರ ಏಪ್ರಿಲ್ 19ರಂದು ಆಕಾಶಕ್ಕೇರಿದ ನಮ್ಮ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಅಮೃತಶಿಲೆಯ ಸೌಧದಲ್ಲಲ್ಲ, ಯಶವಂತಪುರದಾಚೆಯ ಪೀಣ್ಯ ಕೈಗಾರಿಕಾ ಬಡಾವಣೆಯ ಶೆಡ್ಡುಗಳಲ್ಲಿ. ಅದರ ಮುಂದಾಳಾಗಿದ್ದವರು ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್. ಹಣ ಜನರದು, ಸಂಸ್ಥೆ ಜನರದು, ಕಲಿತ ವಿದ್ಯೆಯೂ ಜನರದಾಗಿಯೇ ಉಳಿಯಿತು. ಸಣ್ಣ ಕಾರ್ಖಾನೆಯವನಿಗೆ, ಓದಿ ಬಂದ ಹುಡುಗರ ಪುಟ್ಟ ತಂಡಕ್ಕೆ ಸರ್ಕಾರ ಸಂಶೋಧನೆಯ ಹಣ ಕೊಡಬೇಕು, ಇನ್ನೂ ಹೆಚ್ಚು ಕೊಡಬೇಕು ಎಂಬುದೇ ನಮ್ಮ ಮತ. ಹತ್ತು ಪ್ರಯೋಗಗಳಲ್ಲಿ ಹಲವು ಕೆಟ್ಟರೂ ಚಿಂತೆಯಿಲ್ಲ. ಕೆಟ್ಟದ್ದರ ನಷ್ಟವನ್ನು ಜನ ಹೊರುತ್ತಾರೆ. ಆದರೆ ಗೆದ್ದ ಪ್ರಯೋಗದ ಲಾಭದಲ್ಲಿ ಆ ಜನರಿಗೆ ಪಾಲೆಷ್ಟು? ಬೆಂಕಿಪೊಟ್ಟಣ ಕೊಳ್ಳುವಾಗಲೂ ತೆರಿಗೆ ತೆರುವ ಕೂಲಿಯ ಹೆಂಗಸಿನ ಪರವಾಗಿ ನಾವು ಕೇಳುವುದಿಷ್ಟೆ.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ತೆರೆದಾಗ ಮೈಸೂರಿನ ಅರಸರ ಸರ್ಕಾರ ಏನು ಮಾಡಿತು? ಜಾಗ ಕೊಟ್ಟಿತು, ಬಂಡವಾಳ ಹಾಕಿತು. ಜೊತೆಗೆ ಪಾಲುದಾರನಾಗಿಯೂ ಕೂತಿತು. ಅರಸನ ದಿವಾನರಿಗೆ ಇದ್ದ ಈ ವ್ಯವಹಾರಜ್ಞಾನ ಮತ ಹಾಕಿಸಿಕೊಂಡು ಬಂದ ಸರ್ಕಾರಕ್ಕೆ ಬೇಡವೆ? ಎಲಿವೇಟ್ ಹಣಕ್ಕೆ ಸರ್ಕಾರ ಒಂದು ಷೇರನ್ನೂ ಕೇಳುವುದಿಲ್ಲ. ಕೊಟ್ಟೆವು, ಮರೆತೆವು! ಹಾಗೆಂದು ಎಲ್ಲವೂ ಹೀಗೆಯೇ ಎನ್ನಲಾರೆವು. ಡಿಆರ್‌ಡಿಒ ನಿಧಿಯಲ್ಲಿ ಸಿದ್ಧವಾದ ತಂತ್ರದ ಹಕ್ಕು ಕಂಪನಿಗೂ ಸಂಸ್ಥೆಗೂ ಜಂಟಿಯಾಗಿ ಸೇರುತ್ತದೆ. ಅಂದಮೇಲೆ ಹಕ್ಕು ಉಳಿಸಿಕೊಳ್ಳುವುದು ಅಸಾಧ್ಯವೇನಲ್ಲ. ಒಂದು ಕಡೆ ಆಗುವುದು ಇನ್ನೊಂದು ಕಡೆ ಏಕಾಗದು?

ಇದಕ್ಕಿಂತ ಅಪಾಯದ ಸಂಗತಿ ಬೇರೆ ಇದೆ. 2024ರಲ್ಲಿ ಕೇಂದ್ರ ಸರ್ಕಾರ ಬಾಹ್ಯಾಕಾಶ ಕ್ಷೇತ್ರದ ಬಾಗಿಲನ್ನು ವಿದೇಶಿ ಬಂಡವಾಳಕ್ಕೆ ತೆರೆಯಿತು. ಉಪಗ್ರಹ ತಯಾರಿಸುವ ಕಂಪನಿಯಲ್ಲಿ ಶೇಕಡ 74ರವರೆಗೆ, ರಾಕೆಟ್ಟಿನ ಕಂಪನಿಯಲ್ಲಿ ಶೇಕಡ 49ರವರೆಗೆ, ಬಿಡಿಭಾಗಗಳ ಕಂಪನಿಯಲ್ಲಿ ಪೂರ್ತಿ 100ರಷ್ಟು ವಿದೇಶಿ ಹಣ ಸರ್ಕಾರದ ಮುಂಗಡ ಒಪ್ಪಿಗೆಯಿಲ್ಲದೆ ಬರಬಹುದು. ನಮ್ಮ ತೆರಿಗೆಯ ಹಣದಲ್ಲಿ ಮೊಳೆತ ಬಿಡಿಭಾಗದ ಕಂಪನಿಯೊಂದು ಬೆಳೆದು ಫಲ ಬಿಡುವ ಹೊತ್ತಿಗೆ ಪೂರ್ತಿಯಾಗಿ ಹೊರದೇಶದ ಸಾಹುಕಾರನ ಕೈಸೇರಿದರೆ ಏನಾಗುತ್ತದೆ? ಬಿತ್ತನೆಯ ಬೀಜ ನಮ್ಮದು, ಗೊಬ್ಬರ ನಮ್ಮದು, ಕಣದಲ್ಲಿ ರಾಶಿ ಮಾತ್ರ ಇನ್ನೊಬ್ಬನದು. ಇದನ್ನೇ ನಮ್ಮ ಹಿರಿಯರು ಗೇಣಿ ಎಂದು ಕರೆದರು. ಇದರ ವಿರುದ್ಧವೇ 1951ರಲ್ಲಿ ಕಾಗೋಡಿನ ರೈತರು ಜೈಲು ತುಂಬಿದರು.

ಈಗ ಬಾಗಲೂರಿಗೆ ಬನ್ನಿ. ಯಲಹಂಕ ತಾಲ್ಲೂಕು ಜಾಲ ಹೋಬಳಿಯ ಈ ಊರಿನ ಉತ್ತರಕ್ಕೆ 2008ರಲ್ಲಿ ವಿಮಾನ ನಿಲ್ದಾಣ ತೆರೆಯಿತು. ಪಶ್ಚಿಮಕ್ಕೆ ಯಲಹಂಕದ ವಾಯುನೆಲೆ. 1996ರಿಂದ ಅಲ್ಲಿ ವಿಮಾನ ಪ್ರದರ್ಶನ. ಊರ ಮಗ್ಗುಲಲ್ಲೇ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ವೈಮಾನಿಕ ಪಾರ್ಕು. ರಾಗಿ, ಹುರುಳಿ ಬೆಳೆದ ಹೊಲಗಳನ್ನು 1966ರ ಮಂಡಳಿ ಕಾನೂನಿನ ಕೆಳಗೆ ವಶ ಮಾಡಿಕೊಂಡರು. ಖಾಸಗಿ ಕಂಪನಿಗಾಗಿ ಭೂಮಿ ಪಡೆಯುವಾಗ ಶೇಕಡ 80ರಷ್ಟು ಭೂಮಾಲೀಕರ ಒಪ್ಪಿಗೆ ಬೇಕೆಂಬ 2013ರ ಕೇಂದ್ರ ಕಾನೂನಿನ ಷರತ್ತು ಈ ಹಳೆಯ ಕಾನೂನಿನಲ್ಲಿಲ್ಲ. ಆದ್ದರಿಂದಲೇ ಇದು ನಮ್ಮ ಅಧಿಕಾರಿಗಳಿಗೆ ಅಷ್ಟು ಪ್ರಿಯ! ಇದೇ ವೈಮಾನಿಕ ವಲಯದಲ್ಲಿ, ದೇವನಹಳ್ಳಿಯ ಕಡೆ, ಬೋಯಿಂಗ್ ಕಂಪನಿಯ 43 ಎಕರೆಯ ಕೇಂದ್ರವನ್ನು 2024ರ ಜನವರಿಯಲ್ಲಿ ಪ್ರಧಾನಿಗಳು ಬಂದು ಉದ್ಘಾಟಿಸಿದರು. ಪಾರ್ಕಿನ ಗೇಟುಗಳ ಮುಂದೆ ಬೆಳಿಗ್ಗೆ ಎಂಟಕ್ಕೆ ನಿಂತು ನೋಡಿ. ಜಮೀನು ಕಳೆದುಕೊಂಡ ಮನೆಗಳ ಹುಡುಗರು ಸೆಕ್ಯೂರಿಟಿ ಸಮವಸ್ತ್ರದಲ್ಲಿ, ಹೆಂಗಸರು ಕಸಪೊರಕೆ ಹಿಡಿದು, ಗುತ್ತಿಗೆದಾರನ ಹಾಜರಿ ಪುಸ್ತಕಕ್ಕೆ ಕಾದಿರುತ್ತಾರೆ. ಐಟಿಐ ಪಾಸಾದವನಿಗೂ ಗೇಟಿನೊಳಗಿನ ಯಂತ್ರ ದೂರದ ನಕ್ಷತ್ರವೇ.

ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು ಇದನ್ನೆಲ್ಲ ಕಣ್ಣಾರೆ ಕಂಡಿದ್ದರು. ಅದೇ ವೈಮಾನಿಕ ಪಾರ್ಕಿನ ಹೆಸರಿನಲ್ಲಿ ಅವರ 13 ಹಳ್ಳಿಗಳ 1,777 ಎಕರೆಯ ಮೇಲೆ ಕೈಯಿಟ್ಟಾಗ, 2022ರ ಏಪ್ರಿಲಿನಲ್ಲಿ ಧರಣಿ ಕೂತರು. 1,198 ದಿನ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಟ್ಟೆವೆಂದು, ತಾವಾಗಿ ಕೊಡಬಯಸುವವರಿಂದ ಮಾತ್ರ ಕೊಳ್ಳುವೆವೆಂದು ಹೇಳಬೇಕಾಯಿತು. ದ್ರಾಕ್ಷಿ, ತರಕಾರಿ, ಹೂ ಬೆಳೆಯುವ ಆ ರೈತರಿಗೆ ನಮ್ಮ ಕೆಂಪು ವಂದನೆ. ಅದೇ ದಿನ ನೆರೆಯ ಆಂಧ್ರದ ಸಚಿವ ನಾರಾ ಲೋಕೇಶ್, ನಮ್ಮಲ್ಲಿ 8,000 ಎಕರೆ ಸಿದ್ಧವಿದೆ ಬನ್ನಿ ಎಂದು ವೈಮಾನಿಕ ಕಂಪನಿಗಳಿಗೆ ಕರೆ ಕೊಟ್ಟರು. ಸಂತೆಯಲ್ಲಿ ಎತ್ತಿನ ದಲ್ಲಾಳಿಗಳು ಗಿರಾಕಿಯ ಕೈ ಎಳೆದಾಡುವುದನ್ನು ವಾಚಕರು ಕಂಡಿರಬಹುದು.

ಷರತ್ತು ಹಾಕಿದರೆ ಕಂಪನಿಗಳು ಓಡಿಹೋಗುತ್ತವೆ ಎಂಬ ಗುಮ್ಮನನ್ನು ತೋರಿಸಿಯೇ ಎರಡು ರಾಜ್ಯಗಳನ್ನೂ ಕುಣಿಸುತ್ತಿದ್ದಾರೆ. ಹಾಗಾದರೆ ಬಂಡವಾಳಶಾಹಿಯ ತವರಾದ ಅಮೆರಿಕದಲ್ಲಿ ಏನಾಯಿತು? ಸಣ್ಣ ಉದ್ಯಮದ ಸಂಶೋಧನೆಗೆ ಸರ್ಕಾರದ ಹಣ ಕೊಡುವ ಕಾನೂನನ್ನು ಅವರು 1982ರಲ್ಲೇ ಮಾಡಿದರು. ದೊಡ್ಡ ಸಂಶೋಧನಾ ಬಜೆಟ್ಟುಳ್ಳ ಇಲಾಖೆಗಳು, ಅವರ ಬಾಹ್ಯಾಕಾಶ ಸಂಸ್ಥೆ ನಾಸಾ ಕೂಡ, ಹೊರಗಿನವರಿಂದ ಮಾಡಿಸುವ ಸಂಶೋಧನೆಯ ಹಣದಲ್ಲಿ ಇಂತಿಷ್ಟು ಪಾಲನ್ನು ಸಣ್ಣವರಿಗೇ ಮೀಸಲಿಡಬೇಕಾಯಿತು. 2017ರ ಹೊತ್ತಿಗೆ ಆ ಪಾಲು ಶೇಕಡ 3.2ಕ್ಕೆ ಏರಿತು. ಸಣ್ಣವನೆಂದರೆ 500ಕ್ಕಿಂತ ಹೆಚ್ಚು ನೌಕರರಿಲ್ಲದವನು. ಆ ಹಣದಲ್ಲಿ ಕಂಡುಹಿಡಿದದ್ದನ್ನು ಶುಲ್ಕವಿಲ್ಲದೆ ಬಳಸುವ ಹಕ್ಕನ್ನು ಸರ್ಕಾರ ಇಟ್ಟುಕೊಂಡಿತು. ಅಲ್ಲಿನ ಕಂಪನಿಗಳು ಎಲ್ಲಿಗೂ ಓಡಿಹೋಗಲಿಲ್ಲ. ಹಣಕ್ಕಾಗಿ ಸಾಲುಗಟ್ಟಿ ನಿಂತವು.

ಹೀಗಿರುವಲ್ಲಿ ರಾಜ್ಯದ ಕೈಗಾರಿಕಾ ಇಲಾಖೆಯನ್ನು ನಾವು ನೇರವಾಗಿ ಕೇಳುತ್ತೇವೆ. ವಿಮಾನ ಮತ್ತು ಬಾಹ್ಯಾಕಾಶದ ಸಂಶೋಧನೆಗಾಗಿ ಯಾವ ಕಂಪನಿಗೆ ಎಷ್ಟು ಹಣ, ಎಷ್ಟು ಎಕರೆ ಕೊಟ್ಟಿದ್ದೀರಿ, ಅವುಗಳ ಷೇರು ಇಂದು ಯಾರ ಕೈಯಲ್ಲಿದೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಬಾಗಲೂರು ಪಂಚಾಯಿತಿಯ ಗೋಡೆಗೆ ಅಂಟಿಸುವಿರಾ? ಸಾರ್ವಜನಿಕ ಹಣ ಉಂಡ ಕಂಪನಿ ಹೊರದೇಶದವನಿಗೆ ಮಾರಾಟವಾದರೆ ಆ ಹಣ ಬಡ್ಡಿ ಸಮೇತ ಖಜಾನೆಗೆ ವಾಪಸು ಬರಬೇಕೆಂಬ ಷರತ್ತನ್ನು ಮುಂದಿನ ಅನುದಾನದ ಆದೇಶದಲ್ಲಿ ಬರೆಯುವಿರಾ? ಜಮೀನು ಹೋದ ಮನೆಯ ಒಬ್ಬ ಹುಡುಗನಿಗೋ ಹುಡುಗಿಗೋ ಪಾರ್ಕಿನೊಳಗೆ, ಗೇಟಿನಲ್ಲಲ್ಲ, ಯಂತ್ರದ ಮುಂದೆ ಅಪ್ರೆಂಟಿಸ್ ಕೆಲಸ ಕೊಡಿಸುವಿರಾ? ಪೀಣ್ಯದ ಎರಡು ಲೇತಿನವನಿಗೆ ಈ ಹಣದಲ್ಲಿ ಪ್ರತ್ಯೇಕ ಪಾಲು ಕಟ್ಟಿಡುವಿರಾ?

ಇಲಾಖೆಯಿಂದ ಉತ್ತರ ಬಂದಲ್ಲಿ ಒಂದಕ್ಷರ ಕಡಿಮೆ ಮಾಡದೆ ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ.