ಟೈರಿಗೂ ಮಾರ್ಕು ಕಳೀತಾರೆ ಕಣ್ರೀ!

ಹಳೇ ಸ್ಪೋರ್ಟ್ಸ್ ಕಾರನ್ನ ಕ್ಲಬ್ ಶೋಗೆ ಹಾಕೋದಂದ್ರೆ ತೊಳೆದು, ಒರೆಸಿ, ಹುಲ್ಲಿನ ಮೇಲೆ ನಿಲ್ಲಿಸಿ ಬಾನೆಟ್ ಎತ್ತೋದು ಅಷ್ಟೇ ಅಂದ್ಕೊಂಡಿದ್ದಾರೆ ಊರಿನ ಗೆಳೆಯರು. ಅಲ್ಲ ಸ್ವಾಮಿ. ಇಲ್ಲಿ ಅಮೆರಿಕದಲ್ಲಿ ಅದೊಂದು ಪರೀಕ್ಷೆ. ಸಿಲಬಸ್ ಇದೆ, ಪರೀಕ್ಷಕರಿದ್ದಾರೆ, ಮಾರ್ಕ್ಸ್ ಕಾರ್ಡೂ ಇದೆ. ಪರೀಕ್ಷೆ ಬೇಡ ಅಂತ ನಾನು ಹೇಳ್ತಿಲ್ಲ. ಓಡಿಸೋಕೆ ಅಂತ ಮಾಡಿದ ವಸ್ತುವನ್ನ ಓಡಿಸಿದ್ದಕ್ಕೇ ಮಾರ್ಕು ಕಳೆದ್ರೆ ಅದ್ಯಾವ ಪರೀಕ್ಷೆ ಅನ್ನೋದು ನನ್ನ ಜಗಳ.

ನನ್ನ ಹತ್ರ ಇರೋದು 1972ರ ಕಾರ್ವೆಟ್. ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ಆ ವರ್ಷ ತಯಾರಾದ 27,004 ಕಾರುಗಳಲ್ಲಿ ಒಂದು. ಹಿಂದೆ ಮುಂದೆ ಎರಡೂ ಕಡೆ ಕ್ರೋಮ್ ಬಂಪರ್ ಇದ್ದ ಕೊನೇ ವರ್ಷದ್ದು. ಹೋದ ಬೇಸಿಗೆಯಲ್ಲಿ ಒಂದು ಕ್ಲಬ್ಬಿನ ಶೋಗೆ (ಹೆಸರು ಬೇಡ ಬಿಡಿ) ಅದನ್ನ ಓಡಿಸ್ಕೊಂಡೇ ಹೋದೆ. ಪಕ್ಕದ ಕಾರುಗಳೆಲ್ಲ ಟ್ರೇಲರಿನಿಂದ ಮದುಮಗಳ ಹಾಗೆ ಇಳಿದು ಬಂದ್ವು. ತೀರ್ಪುಗಾರರು ಬಂದ್ರು, ಬಗ್ಗಿ ಟೈರ್ ನೋಡಿದ್ರು, ಬರ್ಕೊಂಡ್ರು. ತಪ್ಪೇನು ಗೊತ್ತಾ? ರೇಡಿಯಲ್ ಟೈರು!

1972ರಲ್ಲಿ ಈ ಕಾರಿಗೆ ಬರ್ತಿದ್ದದ್ದು ಬಯಾಸ್ ಪ್ಲೈ ಟೈರು. ಒಳಗಿನ ನೈಲಾನ್ ಪದರಗಳು ಓರೆಯಾಗಿ ಒಂದರ ಮೇಲೊಂದು ಅಡ್ಡ ಹಾಯ್ದಿರ್ತವೆ. ಕಾರ್ವೆಟ್ಟಿಗೆ ರೇಡಿಯಲ್ ಬಂದದ್ದು 1973ಕ್ಕೆ. ಬಯಾಸ್ ಪ್ಲೈ ಹಾಕಿ ಹೈವೇಲಿ ಹೋಗಿ ನೋಡಿ, ರಸ್ತೆಯ ಗೀರು ಕಂಡಲ್ಲೆಲ್ಲ ಕಾರು ಆ ಕಡೆಗೇ ಎಳೆಯುತ್ತೆ. ರಾತ್ರಿಯಿಡೀ ನಿಂತ ಜಾಗದಲ್ಲಿ ಟೈರು ಚಪ್ಪಟೆಯಾಗಿ ಬೆಳಿಗ್ಗೆ ಸ್ವಲ್ಪ ದೂರ ದಡಬಡ ಅನ್ನುತ್ತೆ. ಮಳೆ ಬಂದ್ರಂತೂ ದೇವರೇ ಗತಿ. ಅದಕ್ಕೇ ಎಷ್ಟೋ ಮಂದಿ ಎರಡು ಸೆಟ್ ಚಕ್ರ ಇಟ್ಕೊಂಡಿರ್ತಾರೆ, ತೋರಿಸೋಕೊಂದು, ಓಡಿಸೋಕೊಂದು. ಜೀವ ಉಳಿಸೋ ಟೈರನ್ನ ಗ್ಯಾರೇಜಲ್ಲಿ ಬಚ್ಚಿಟ್ಟು ಬರೋನಿಗೆ ಪೂರ್ತಿ ಮಾರ್ಕು!

ಕಾರ್ವೆಟ್ ಲೋಕದಲ್ಲಿ ಈ ಲೆಕ್ಕಾಚಾರಕ್ಕೆ ಶಾಸ್ತ್ರ ಬರೆದದ್ದು 1974ರಲ್ಲಿ ಶುರುವಾದ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿ. ಸುಮಾರು ನಾಲ್ಕೂವರೆ ಸಾವಿರ ಅಂಕದ ಪಟ್ಟಿ ಅವರದ್ದು. 94 ಪರ್ಸೆಂಟ್ ಬಂದ್ರೆ 'ಟಾಪ್ ಫ್ಲೈಟ್'. ಕಾರು ಕಾರ್ಖಾನೆಯಿಂದ ಹೊರಬಿದ್ದಾಗ ಹೇಗಿತ್ತೋ ಹಾಗೇ ಇರಬೇಕು ಅನ್ನೋದು ಮೂಲಮಂತ್ರ. ಇದರಿಂದ ಒಳ್ಳೇದೂ ಆಗಿದೆ, ಸುಳ್ಳು ಹೇಳಬಾರದು. ಯಾವ ಕ್ಲಿಪ್ ಯಾವ ತಿಂಗಳು ಬದಲಾಯ್ತು ಅನ್ನೋವಷ್ಟು ವಿವರ ಇವತ್ತು ಉಳಿದಿದ್ದರೆ ಅದಕ್ಕೆ ಇಂಥ ಹಟಮಾರಿಗಳೇ ಕಾರಣ.

ಆದ್ರೆ ಕಾರ್ಖಾನೆ ಏನು ದೇವಸ್ಥಾನವೇ? ಫೈಬರ್‌ಗ್ಲಾಸ್ ಬಾಡಿಗೆ ಬಣ್ಣ ಹೊಡೆದದ್ದು ಕಿತ್ತಳೆ ಸಿಪ್ಪೆ ಥರ ತರಿತರಿ. ಅಲ್ಲಲ್ಲಿ ಸೋರಿದ ಬಣ್ಣ. ಕೆಲಸಗಾರರು ಸೀಮೆಸುಣ್ಣದಲ್ಲಿ ಗೀಚಿದ ಗುರುತು. ಈಗ ರಿಪೇರಿಯವರು ಇದನ್ನೆಲ್ಲ ಶ್ರದ್ಧೆಯಿಂದ ಮತ್ತೆ ಬರೀತಾರೆ, ಸೋರಿಸ್ತಾರೆ. ಸೇಂಟ್ ಲೂಯಿಸ್ಸಿನ ಆ ಪುಣ್ಯಾತ್ಮ ಊಟದ ಬೆಲ್ಲಿಗೆ ಮುಂಚೆ ಅವಸರದಲ್ಲಿ ಮಾಡಿದ ಎಡವಟ್ಟಿಗೆ ಇವತ್ತು ಗಂಟೆ ಲೆಕ್ಕದಲ್ಲಿ ಕೂಲಿ! ಐವತ್ತು ವರ್ಷ ಓಡಿ ಬಿದ್ದ ನಿಜವಾದ ಗೀರಿಗೆ ಮಾರ್ಕು ಕಟ್, ಹೋದ ವಾರ ಬರೆದ ಸುಳ್ಳು ಸೀಮೆಸುಣ್ಣಕ್ಕೆ ಪೂರ್ತಿ ಮಾರ್ಕು.

ಇದಕ್ಕಿಂತ ಕೆಟ್ಟದ್ದು ಎಂಜಿನ್ ನಂಬರಿನ ಕಥೆ. ಬ್ಲಾಕಿನ ಮೇಲೆ ಒತ್ತಿರೋ ನಂಬರು ಕಾರಿನ ನಂಬರಿಗೆ ತಾಳೆಯಾದ್ರೆ 'ಮ್ಯಾಚಿಂಗ್ ನಂಬರ್ಸ್', ಕಾರಿನ ಬೆಲೆ ಜಿಗಿಯುತ್ತೆ. ಹಾಗಾಗಿ ಬೇರೆ ಎಂಜಿನ್ನಿನ ನಂಬರು ಉಜ್ಜಿ, ಬೇಕಾದ್ದನ್ನ ಒತ್ತೋ ಕಳ್ಳರು ಹುಟ್ಕೊಂಡ್ರು. ಕಾರ್ಖಾನೆಯ ಯಂತ್ರ ಕೊರೆದು ಬಿಟ್ಟ ಸಣ್ಣ ಗೆರೆಗಳು ಇವೆಯಾ ಅಂತ ತೀರ್ಪುಗಾರರು ನೋಡೋಕೆ ಶುರು ಮಾಡಿದ್ರೆ, ಇವರು ಆ ಗೆರೆಗಳನ್ನೂ ಕೊರೆದ್ರು! ಹಾದಿಯಲ್ಲಿ ಎಂಜಿನ್ ಒಡೆದು, ಕಂಪನಿಯ ಹೊಸ ಬ್ಲಾಕ್ ಹಾಕಿಸಿ, ರಸೀದಿ ಜೋಪಾನ ಮಾಡಿದ ಪ್ರಾಮಾಣಿಕ ಮಾತ್ರ ಹಿಂದಿನ ಸಾಲಲ್ಲಿ.

'ಓಡಿಸೋರಿಗೆ ಬೇರೆ ವಿಭಾಗ ಇದೆಯಲ್ಲ ಮಾರಾಯ' ಅಂತೀರಿ. ಹೌದು. ಉತ್ತರ ಅಮೆರಿಕದ ಜಾಗ್ವಾರ್ ಕ್ಲಬ್ಬುಗಳಲ್ಲಿ 'ಡ್ರಿವನ್' ಅನ್ನೋ ವಿಭಾಗ ಇದೆ. ಕಾರ್ವೆಟ್ಟಿನವರಲ್ಲೂ ರಸ್ತೆ ಪರೀಕ್ಷೆ ಉಂಟು, ವೈಪರು ಗಡಿಯಾರ ಸಮೇತ ಎಲ್ಲ ಕೆಲಸ ಮಾಡಬೇಕು. ಭೇಷ್. ಆದ್ರೆ ಅದು ಬೇಕಾದವರು ಮಾತ್ರ ಕಟ್ಟೋ ಹೆಚ್ಚುವರಿ ಪೇಪರು. ಅದನ್ನ ಮುಟ್ಟದೇನೇ ಟಾಪ್ ಫ್ಲೈಟ್ ಸಿಗುತ್ತೆ.

ಮೆರುಗಿನ ಹುಚ್ಚಿಗೆ ಹೆಸರಾದ ಪೆಬಲ್ ಬೀಚಿನಲ್ಲೇ 2024ರಲ್ಲಿ ಏನಾಯ್ತು ನೋಡಿ. ಹೊಸದಾಗಿ ಬಣ್ಣ ಬಳಿಯದ, ಮಾಸಿದ ಮೈಯ 1934ರ ಬುಗಾಟಿ ಟೈಪ್ 59 ಮೊದಲ ಬಹುಮಾನ ಹೊಡೀತು. 1950ರಿಂದ ನಡೆದು ಬಂದ ಶೋನಲ್ಲಿ ರಿಪೇರಿ ಕಾಣದ ಕಾರುಗಳ ವಿಭಾಗದಿಂದ ಬಂದು ಗೆದ್ದ ಮೊದಲ ಕಾರು ಅದು. ಕೋಟ್ಯಧಿಪತಿಗಳ ಅಂಗಳದಲ್ಲಿ ನಡೆದದ್ದು ನಮ್ಮ ಪಾರ್ಕಿಂಗ್ ಲಾಟಿನ ಕ್ಲಬ್ಬಿಗೆ ಯಾಕಾಗಲ್ಲ?

ನಾನು ಕೇಳೋದು ಬಹಳ ಇಲ್ಲ. ಟೈರು, ಬ್ರೇಕು, ಸೀಟ್ ಬೆಲ್ಟು, ಇವುಗಳನ್ನ ಸುರಕ್ಷತೆಗಾಗಿ ಬದಲಾಯಿಸಿದ್ರೆ ಒಂದಂಕವನ್ನೂ ಕಳೆಯಬೇಡಿ. ರಿಪೇರಿ ರಸೀದಿಗಳ ಫೈಲು ತಂದವನಿಗೆ ಅಂಕ ಕೊಡಿ. ಮತ್ತೆ ಯಾವ ಕಾರೇ ಇರಲಿ, ಬಹುಮಾನ ಕೊಡೋ ಮುಂಚೆ ಬೀಗದಕೈ ಇಸ್ಕೊಂಡು, ಆ ಗೇಟಿನಿಂದಾಚೆ ಹತ್ತು ಮೈಲಿ ಓಡಿಸ್ಕೊಂಡು ಬನ್ನಿ.