ಹಳೇ ಕೋವಿ ಕೊಳ್ಳೋ ಮುಂಚೆ (ಭಾಗ 3): ಕತೆಗೆ ದುಡ್ಡು ಕೊಡಬೇಡಿ, ನಳಿಗೆಗೆ ಕೊಡಿ

ಮೊದಲ ಫೋಟೋ ನೋಡಿ. ಬರ್ಮಿಂಗ್‌ಹ್ಯಾಮ್‌ನ ಜೋಡಿ ನಳಿಗೆ, 12 ಬೋರ್. ಪಕ್ಕದಲ್ಲಿ ಹೂಬಳ್ಳಿ ಕೆತ್ತನೆ, ವಾಲ್‌ನಟ್ ಹಿಡಿ, ನಳಿಗೆ ಕಪ್ಪಗೆ ಮಿರಮಿರ ಮಿಂಚ್ತಿದೆ. "ದೊರೆ ಬಿಟ್ಟುಹೋದ ಕೋವಿ, ಎಸ್ಟೇಟ್ ಬಂಗಲೆಯದು" ಅಂದುಬಿಟ್ರೆ ಅರ್ಧ ವ್ಯಾಪಾರ ಮುಗೀತು. ಕೊಡಗಿನ ಕಡೆ ಹಳೇ ಕೋವಿ ನೋಡಕ್ಕೆ ಹೋದವರೆಲ್ಲ ಈ ಮಾತು ಕೇಳಿರ್ತೀರಿ.

ನಾನೂ ಕೇಳಿದ್ದೆ, ನಂಬಿದ್ದೆ. ದುಡ್ಡು ಕೊಟ್ಟು ಮನೆಗೆ ತಂದಮೇಲೆ ಅಳೆಸಿದೆ. ಎಡ ನಳಿಗೆಯ ಗೋಡೆ ಒಂದು ಕಡೆ 15 ಥೌ, ಅಂದ್ರೆ .015 ಇಂಚು. 20 ಥೌ, ಸುಮಾರು ಅರ್ಧ ಮಿಲಿಮೀಟರ್, ಇದಕ್ಕಿಂತ ಕಡಿಮೆ ಇದ್ರೆ ಬಲ್ಲವರು ಮುಟ್ಟಲ್ಲ. ಮಿಂಚೋ ತನಕ ಉಜ್ಜಿದ್ದಾರೆ, ಉಜ್ಜಿದ್ದು ಲೋಹ ತಾನೇ? ಹೋದ ಲೋಹ ವಾಪಸ್ ಬರಲ್ಲ.

ಅದಕ್ಕೇ ಹೇಳ್ತೀನಿ: ಮಿಂಚು ನೋಡಿ ಬೆಲೆ ಏರಿಸಬೇಡಿ, ಅನುಮಾನ ಏರಿಸಿ. ನೂರು ವರ್ಷದ ಕೋವಿಯ ಒಳಗೆ ಒಂದು ಚುಕ್ಕೆ ತುಕ್ಕಿನ ಗುಳಿಯೂ ಇಲ್ಲ ಅಂದ್ರೆ, ಒಂದೋ ಅದನ್ನ ದೇವರ ಹಾಗೆ ನೋಡ್ಕೊಂಡಿದ್ದಾರೆ, ಇಲ್ಲಾ ಒಳಗಿಂದ ಕೆರೆದಿದ್ದಾರೆ. ಯಾವುದು ಅಂತ ಕಣ್ಣಿಗೆ ಗೊತ್ತಾಗಲ್ಲ, ಗೇಜ್‌ಗೆ ಗೊತ್ತಾಗತ್ತೆ. ಬಾಯಲ್ಲಿ ವರ್ನಿಯರ್ ಇಟ್ಟು "ದಪ್ಪ ಇದೆ ನೋಡಿ" ಅಂದ್ರೆ ನಂಬಬೇಡಿ. ಚೋಕ್ ಇರೋ ನಳಿಗೆ ಬಾಯಲ್ಲಿ ದಪ್ಪಾನೇ ಇರತ್ತೆ.

ಹೋದ ತಕ್ಷಣ ಮಾಡಬೇಕಾದ್ದು (ಸ್ವೈಪ್ ಮಾಡಿ, ಒಂದೊಂದಕ್ಕೂ ಫೋಟೋ ಇದೆ):

1️⃣ ಖಾಲಿ ಇದೆಯಾ ಅಂತ ನೀವೇ ತೆರೆದು ನೋಡಿ. ಮಾತು ನಂಬಬೇಡಿ.

2️⃣ ಮುಂದಿನ ಮರದ ಭಾಗ ಕಳಚಿ, ಕೋವಿ ಮುಚ್ಚಿ ಅಲ್ಲಾಡಿಸಿ. ಮರ ಇದ್ದಾಗ ಅದರ ಸ್ಪ್ರಿಂಗ್ ಸಡಿಲನ್ನ ಮುಚ್ಚಿಡತ್ತೆ. ಬೆಳಕಿಗೆ ಹಿಡಿದಾಗ ನಳಿಗೆಯ ಹಿಂಬದಿಗೂ ಆಕ್ಷನ್‌ಗೂ ನಡುವೆ ಗೆರೆ ಕಂಡ್ರೆ ಕೀಲು ಸವೆದಿದೆ. ಮೇಲಿನ ಲಿವರ್ ಮಧ್ಯ ದಾಟಿ ಎಡಕ್ಕೆ ನಿಂತಿದ್ರೂ ಅದೇ ಅನುಮಾನ.

3️⃣ ನಳಿಗೆಗಳನ್ನ ಬೇರ್ಪಡಿಸಿ, ಕೊಕ್ಕೆಯಿಂದ ಬೆರಳಿಗೆ ತೂಗಿಸಿ ಮೆಲ್ಲಗೆ ತಟ್ಟಿ. ಗಂಟೆ ಹಾಗೆ ಮೊಳಗಬೇಕು. ಒಡಕು ಸದ್ದು ಬಂದ್ರೆ ರಿಬ್‌ನ ಬೆಸುಗೆ ಬಿಟ್ಟಿರಬಹುದು.

4️⃣ ಅಡಿ ತಿರುಗಿಸಿ ಮುದ್ರೆ ಓದಿ. ಇಡೀ ಕೋವಿಯಲ್ಲಿ ಕತೆ ಕಟ್ಟದ ಜಾಗ ಇದೊಂದೇ. "ಲಂಡನ್ ಕೋವಿ" ಅಂತ ಹೇಳಿ ಕೆಳಗೆ ಮೊಟ್ಟೆಯಾಕಾರದೊಳಗೆ ಇ.ಎಲ್.ಜಿ. ಇದ್ರೆ ಅದು ಪ್ರೂಫ್ ಆಗಿದ್ದು ಬೆಲ್ಜಿಯಂನ ಲಿಯೇಜ್‌ನಲ್ಲಿ. ಕೋವಿ ಕೆಟ್ಟದ್ದು ಅಂತಲ್ಲ, ಮಾರೋನ ಮಾತು ಕೆಟ್ಟದ್ದು. ಬ್ರಿಟಿಷ್ ಮುದ್ರೆಯಲ್ಲಿ ಒಳ ಅಳತೆ .729 ಅಂತ ಇದ್ದು, ಹಿಂಬದಿಯಿಂದ 9 ಇಂಚು ಒಳಗೆ ಈಗ .740 ಬಂದ್ರೆ ಪ್ರೂಫ್ ಸತ್ತಿದೆ. ಮತ್ತೆ ಪ್ರೂಫ್ ಮಾಡಿಸದೆ ಅದನ್ನ ಮಾರೋದು ಬ್ರಿಟನ್‌ನಲ್ಲಿ ಅಪರಾಧ.

5️⃣ ಬಾಯಲ್ಲಿ ಎರಡು ನಳಿಗೆ ನಡುವೆ ಸಂದು ಇದ್ದು, ಚೋಕ್ ಇಲ್ಲವೇ ಇಲ್ಲ ಅಂದ್ರೆ ಕತ್ತರಿಸಿರಬಹುದು. ಪರವಾನಗಿ ಇಲ್ಲದೆ ನಳಿಗೆ ಮೊಟಕು ಮಾಡೋದು 1959ರ ಆಯುಧ ಕಾಯ್ದೆ ಪ್ರಕಾರ ತಪ್ಪು. ಆ ತಲೆನೋವು ನಿಮಗ್ಯಾಕೆ?

6️⃣ ಚೇಂಬರ್ ಅಳೆಸಿ. ಹಳೇ ಬ್ರಿಟಿಷ್ 12 ಬೋರ್‌ಗಳಲ್ಲಿ ಬಹಳಷ್ಟು 2½ ಇಂಚಿನವು, 65 ಮಿ.ಮೀ. 70ರ ತೋಟಾ ಅದರೊಳಗೆ ಸಲೀಸಾಗಿ ಕೂರತ್ತೆ, ಅದೇ ಅಪಾಯ. ಹೊಡೆದಾಗ ಮಡಿಕೆ ಬಿಚ್ಚಿಕೊಂಡು ಮುಂದಿನ ಕಿರಿದಾದ ಜಾಗಕ್ಕೆ ನುಗ್ಗತ್ತೆ, ಒತ್ತಡ ಏರತ್ತೆ.

ಈಗ ಕಾಮೆಂಟಲ್ಲಿ ಬರೋದು ಗೊತ್ತು: "ನಮ್ಮಜ್ಜ ಇದೇ ಕೋವೀಲಿ ಅರವತ್ತು ವರ್ಷ ಹೊಡೆದ್ರು, ಏನಾಯ್ತು?" ಸ್ವಾಮಿ, ಅಜ್ಜ ಹೊಡೆದ ನಳಿಗೆ ಇದಕ್ಕಿಂತ ದಪ್ಪ ಇತ್ತು. ಅಜ್ಜನ ತೋಟಾನೂ ಇದಲ್ಲ. ಅರವತ್ತು ವರ್ಷ ಒಡೆಯದ್ದು ಗಟ್ಟಿತನಕ್ಕೆ ಸಾಕ್ಷಿ ಅಲ್ಲ, ಅರವತ್ತು ವರ್ಷದ ಸವೆತಕ್ಕೆ ಸಾಕ್ಷಿ. ಒಡೆಯೋ ದಿನ ಕೈಲ್ ಪೊಳ್ದ್‌ನ ತೆಂಗಿನಕಾಯಿ ಸ್ಪರ್ಧೆ ದಿನಾನೇ ಆಗಿರಬಹುದು, ಸುತ್ತ ಮಕ್ಕಳು ನಿಂತಿರ್ತಾರೆ. ಚೇಂಬರಿನ ಮುಂದೆ ನಳಿಗೆ ಸೀಳಿದ್ರೆ ಅಲ್ಲಿ ಇರೋದು ನಿಮ್ಮ ಎಡಗೈ.

ಹಾಗಂತ ಹಳೇ ಕೋವಿ ಬೇಡ ಅಂತ ನಾನು ಹೇಳ್ತಿಲ್ಲ. ಸರಿಯಾಗಿ ಅಳತೆಗೆ ನಿಂತ ಕೋವಿ ಇನ್ನೊಂದು ತಲೆಮಾರು ಬಾಳತ್ತೆ. ಅಳತೆಗೆ ನಿಲ್ಲದ್ದು ಪೂಜೆಗೆ ಇರಲಿ, ಹೂ ಮುಡಿಸಿ, ಗುಂಡು ಹಾಕಬೇಡಿ. ಗೋಡೆ ಮೇಲಿನ ಕೋವಿಗೆ ಗೋಡೆ ಮೇಲಿನ ಬೆಲೆ ಕೊಡಿ. ಎರಡಕ್ಕೂ ಕಾಗದ ಮೊದಲು: ಕೋವಿ ನಂಬರ್, ಲೈಸೆನ್ಸ್ ಅಥವಾ ವಿನಾಯಿತಿ ಪತ್ರದ ನಂಬರ್ ತಾಳೆ ಆಗದಿದ್ರೆ ಅಲ್ಲಿಂದಲೇ ನಮಸ್ಕಾರ.

ಇನ್ನೊಂದು ಪರೀಕ್ಷೆಗೆ ಗೇಜೂ ಬೇಕಿಲ್ಲ. "ಅಳೆಸಿ ನೋಡ್ತೀನಿ" ಅನ್ನಿ. "ಧಾರಾಳವಾಗಿ" ಅಂದ್ರೆ ಮಾತು ಮುಂದುವರಿಸಿ. "ನಂಬಿಕೆ ಇಲ್ವಾ?" ಅಂದ್ರೆ ಎದ್ದು ಬನ್ನಿ.

ಭಾಗ 4: ಡಮಾಸ್ಕಸ್ ನಳಿಗೆ. ಸೇವ್ ಮಾಡಿಟ್ಕೊಳ್ಳಿ, ಕೊಳ್ಳೋಕೆ ಹೊರಟ ಗೆಳೆಯರಿಗೆ ಕಳಿಸಿ.

#ಹಳೇಕೋವಿ #ಜೋಡಿನಳಿಗೆ #ಕೊಡಗು