ಒಂದೇ ಬಯೋಡಾಟಾ ಎಲ್ಲ ಕೆಲಸಕ್ಕೂ ಸಲ್ಲದು

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಡಿಗ್ರಿ ಮುಗಿಸಿದ ಮಕ್ಕಳು ಕೆಲಸ ಹುಡುಕಲು ಹೊರಟಾಗ ಸಾಮಾನ್ಯವಾಗಿ ಮೊದಲು ಮಾಡುವುದು, ಕಂಪ್ಯೂಟರ್ ಸೆಂಟರ್‌ನಲ್ಲಿ ಬಯೋಡಾಟಾ ಟೈಪ್ ಮಾಡಿಸಿ ಒಂದು ಕಟ್ಟು ಝೆರಾಕ್ಸ್ ತೆಗೆಸುವುದು. ಸಕ್ಕರೆ ಕಾರ್ಖಾನೆಗೂ ಅದೇ ಹಾಳೆ, ದಾಲ್ ಮಿಲ್ಲಿಗೂ ಅದೇ, ಯೂನಿವರ್ಸಿಟಿಗೂ ಅದೇ. ತಂದೆಯ ಹೆಸರು, ಹುಟ್ಟಿದ ದಿನ, ಅಂಕಗಳ ಪಟ್ಟಿ, ಕೊನೆಗೆ ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಸಾಲು. ಕೆಲಸ ಕೊಡುವವರು ಹುಡುಕುವ ಮಾತು ಮಾತ್ರ ಅದರಲ್ಲಿ ಇರುವುದಿಲ್ಲ.

ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ, ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಇಂಥ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ಹಾಲಿನ ಬ್ರಿಕ್ಸ್ (ಕರಗಿದ ಘನಾಂಶ), ಪೋಲ್ (ಸಕ್ಕರೆ ಅಂಶ) ಅಳೆಯುವುದು ದಿನನಿತ್ಯದ ಕೆಲಸ. ಬಿ.ಎಸ್‌ಸಿ. ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಪೋಲಾರಿಮೀಟರ್, ರಿಫ್ರಾಕ್ಟೋಮೀಟರ್ ಹಿಡಿದವರು ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕು. ಹಂಗಾಮಿನಲ್ಲಿ ರಾತ್ರಿ ಪಾಳಿಗೂ ಬರಲು ಸಿದ್ಧರಿದ್ದರೆ ಅದನ್ನೂ ಸೇರಿಸಬೇಕು. ‘ನಾನು ಪರಿಶ್ರಮಿ’ ಎಂದು ಬರೆದರೆ ಯಾರಿಗೂ ಏನೂ ತಿಳಿಯದು.

ಅದೇ ಅಭ್ಯರ್ಥಿ ದಾಲ್ ಮಿಲ್ಲಿನ ಲೆಕ್ಕದ ಕೆಲಸಕ್ಕೆ ಹೋದರೆ ಪೋಲಾರಿಮೀಟರ್ ಕೆಳಗಿಳಿಯಲಿ. ಟ್ಯಾಲಿ, ಜಿಎಸ್‌ಟಿ ಬಿಲ್, ತೊಗರಿ ಆವಕದ ಲೆಕ್ಕ ಮೇಲೆ ಬರಲಿ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ವ್ಯಾಪಾರಿಗಳೊಡನೆ ವ್ಯವಹರಿಸುವ ಕಡೆ ಮರಾಠಿ, ಹಿಂದಿ ಬರುವುದೇ ದೊಡ್ಡ ಅರ್ಹತೆ. ಗಡಿಯ ಮಕ್ಕಳಿಗೆ ಮನೆಬಾಗಿಲಲ್ಲೇ ಬಂದ ಈ ಭಾಷೆಗಳು ಬಯೋಡಾಟಾದ ಕಟ್ಟಕಡೆಗೆ ಸೇರಿಹೋಗುತ್ತವೆ.

ಸರ್ಕಾರಿ ಹುದ್ದೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಇರುವ ಮೀಸಲಾತಿ ಬೇಕಿದ್ದರೆ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣ ಪತ್ರ ಕೈಯಲ್ಲಿರಬೇಕು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇರುವ ಕೇಂದ್ರೀಯ ವಿಶ್ವವಿದ್ಯಾಲಯದ ಹುದ್ದೆಗೆ ಆ ಮೀಸಲಾತಿ ಅನ್ವಯಿಸದು. ಅಲ್ಲಿ ಒಬಿಸಿ ಅಭ್ಯರ್ಥಿಗಳಿಗೆ ಕೇಂದ್ರದ ನಮೂನೆಯ ಪ್ರಮಾಣ ಪತ್ರವೇ ಬೇಕು. ಜಾಹೀರಾತು ಓದದೆ ಹಳೆಯ ಕಾಗದಗಳನ್ನೇ ಲಗತ್ತಿಸಿದವರಿಗೆ ಅವಕಾಶ ತಪ್ಪಿಹೋಗುತ್ತದೆ.

ದಾರಿ ಸುಲಭ. ಕಲಿತದ್ದು, ಮಾಡಿದ್ದು ಎಲ್ಲವನ್ನೂ ಬರೆದ ಒಂದು ದೊಡ್ಡ ಪಟ್ಟಿ ಮನೆಯಲ್ಲಿರಲಿ. ಜಾಹೀರಾತು ಬಂದಾಗ ಅದರಲ್ಲಿ ಕೇಳಿದ್ದಕ್ಕೆಲ್ಲ ಗೆರೆ ಎಳೆಯಿರಿ. ಪಟ್ಟಿಯಿಂದ ಹೊಂದುವುದನ್ನಷ್ಟೇ ಆರಿಸಿ, ಅವರು ಬಳಸಿದ ಪದಗಳಲ್ಲೇ ಒಂದು ಪುಟಕ್ಕೆ ಇಳಿಸಿ. ಅಪ್ಪನ ಅಂಗಡಿಯಲ್ಲಿ ಲೆಕ್ಕ ಬರೆದದ್ದೂ ಅನುಭವವೇ, ಸಂಕೋಚ ಬೇಡ. ಆದರೆ ಬಾರದ್ದನ್ನು ಬರುತ್ತದೆ ಎಂದು ಬರೆಯಬೇಡಿ; ಸಂದರ್ಶನದ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ.

ಮಕ್ಕಳನ್ನಷ್ಟೇ ದೂರಿ ಫಲವಿಲ್ಲ. ಮೂರೂ ತಾಲ್ಲೂಕುಗಳ ಪದವಿ ಕಾಲೇಜುಗಳು, ಐಟಿಐಗಳು ಕೊನೆಯ ವರ್ಷದಲ್ಲಿ ನಿಜವಾದ ಜಾಹೀರಾತುಗಳನ್ನೇ ಮುಂದಿಟ್ಟು ಬಯೋಡಾಟಾ ಬರೆಸಿ ತಿದ್ದಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಕಂಪ್ಯೂಟರ್ ಇರುವ ಕಡೆ ವಾರಕ್ಕೊಂದು ಸಂಜೆ ಇದಕ್ಕೆ ಮೀಸಲಿಡಬೇಕು. ನಿವೃತ್ತ ಮೇಷ್ಟ್ರುಗಳು, ಬ್ಯಾಂಕ್ ನೌಕರರು ಊರೂರಲ್ಲೂ ಇದ್ದಾರೆ. ಕೂತು ತಿದ್ದಿಕೊಡಲು ಅವರನ್ನು ಕರೆಯೋಣ. ಈ ಸೆಮಿಸ್ಟರ್‌ನಿಂದಲೇ ಶುರುವಾಗಲಿ.